ಸಂಯುಕ್ತ ರಾಜ್ಯಪದ್ಧತಿಯೂ ಮೈಸೂರು ಸೀಮೆಯ ಅನುಭವವೂ

ನೆರೆಹೊರೆಯ ರಾಜ್ಯಗಳು ತಮ್ಮ ತಮ್ಮ ಒಳಾಡಳಿತವನ್ನು ತಾವೇ ಉಳಿಸಿಕೊಂಡು, ಕೆಲವು ಸಾಮಾನ್ಯ ವಿಷಯಗಳಲ್ಲಿ ಮಾತ್ರ ಒಂದೇ ಸರ್ಕಾರದ ಆಜ್ಞೆಗೆ ಒಳಪಟ್ಟಿರುವುದು ಯುಕ್ತವೇ ಎಂಬ ಪ್ರಶ್ನೆಯು ರಾಜ್ಯಶಾಸ್ತ್ರದಲ್ಲಿ ಬಹುಕಾಲದಿಂದ ಚರ್ಚಿತವಾಗುತ್ತ ಬಂದಿದೆ. ಇಂಥ ಏರ್ಪಾಡಿಗೆ ಕನ್ನಡದಲ್ಲಿ ಸಂಯುಕ್ತ ರಾಜ್ಯಪದ್ಧತಿಯೆಂಬ ಹೆಸರು ರೂಢಿಗೆ ಬಂದಿರುವುದು ಅರ್ಥವತ್ತಾಗಿದೆ. ಸಂಯುಕ್ತಾಕ್ಷರದಲ್ಲಿ ಎರಡು ವ್ಯಂಜನಗಳು ಒಂದೇ ಸ್ವರವನ್ನು ಆಶ್ರಯಿಸಿ ಒಂದೇ ಅಕ್ಷರವಾಗಿ ನಿಲ್ಲುತ್ತವೆ. ಆದರೂ ಎರಡರ ಉಚ್ಚಾರಣೆಯೂ ಉಳಿದಿರುತ್ತದೆ. ಲೋಪಸಂಧಿಯಲ್ಲಿ ಹಾಗಲ್ಲ, ಅಲ್ಲಿ ಒಂದು ಸ್ವರವು ಬಿಟ್ಟೇ ಹೋಗುತ್ತದೆ. ರಾಜ್ಯಗಳ ಕೂಟದಲ್ಲಿಯೂ ಈ ಎರಡು ಬಗೆಗಳುಂಟು. ಮೈಸೂರು ಸಂಸ್ಥಾನದ ಜನರು ಇಪ್ಪತ್ತನೆಯ ಶತಮಾನದಲ್ಲಿ ಎರಡನ್ನೂ ಕಂಡರು. ಆದಕಾರಣ ಈ ಪ್ರಶ್ನೆಯನ್ನು ದೂರದೇಶಗಳ ಉದಾಹರಣೆಗಳಿಂದ ಆರಂಭಿಸುವುದಕ್ಕಿಂತ, ಬೆಂಗಳೂರಿಗೆ ಪಡುವಲೂ ತೆಂಕಲೂ ಹಬ್ಬಿರುವ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆಯಿಂದ ಆರಂಭಿಸುವುದು ಹೆಚ್ಚು ಫಲಕಾರಿಯಾದೀತು.

ಈ ಸೀಮೆಗೆ ರಾಜ್ಯಗಳ ಕೂಡುವಿಕೆ ಹೊಸದೇನೂ ಅಲ್ಲ. ಜಗದೇವರಾಯನ ವಂಶದವರ ಚನ್ನಪಟ್ಟಣವು 1630ರ ಸುಮಾರಿಗೂ ಕೆಂಪೇಗೌಡರ ವಂಶದವರ ಮಾಗಡಿಯು 1728ರಲ್ಲಿಯೂ ಮೈಸೂರು ಒಡೆಯರ ವಶವಾದವು. ಕತ್ತಿಯಿಂದಾದ ಈ ಕೂಟದಲ್ಲಿ ಸೇರಿದವರ ಸಮ್ಮತಿಯ ಮಾತೇ ಇರಲಿಲ್ಲ. ಅದಕ್ಕೂ ಹಿಂದಿನ ಚಕ್ರವರ್ತಿ-ಮಾಂಡಲಿಕ ಸಂಬಂಧವನ್ನು ಕೆಲವರು ಸಂಯುಕ್ತ ರಾಜ್ಯದ ಪೂರ್ವರೂಪವೆಂದು ಹೇಳುವುದುಂಟು. ಶಾಸನಗಳನ್ನು ಓದಿದವರು ಇದನ್ನು ಒಪ್ಪುವುದು ಕಷ್ಟ. ಮಾಂಡಲಿಕನು ಕಪ್ಪವನ್ನೂ ದಂಡನ್ನೂ ಒಪ್ಪಿಸುತ್ತಿದ್ದನು. ಆದರೆ ಚಕ್ರವರ್ತಿಯ ಅಧಿಕಾರಕ್ಕೆ ಇಷ್ಟೇ ಮೇರೆಯೆಂದು ಹೇಳುವ ಲಿಖಿತ ಕಟ್ಟಳೆಯಾಗಲಿ, ಇಬ್ಬರಿಗೂ ಮೇಲಾದ ನ್ಯಾಯಸ್ಥಾನವಾಗಲಿ ಇರಲಿಲ್ಲ. ಚಕ್ರವರ್ತಿಯ ಬಲ ಕುಂದಿದ ಮರುದಿನವೇ ಮಾಂಡಲಿಕನು ಸ್ವತಂತ್ರನಾಗುತ್ತಿದ್ದನು.

1881ರಲ್ಲಿ ಸಂಸ್ಥಾನವು ಬ್ರಿಟಿಷರಿಂದ ಒಡೆಯರಿಗೆ ಮರಳಿ ಬಂದಮೇಲಿನ ಮೈಸೂರಿನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಆ ವರ್ಷದ ಹಸ್ತಾಂತರ ಪತ್ರದಲ್ಲಿ ವಾರ್ಷಿಕ ಪೊಗದಿಯು 35 ಲಕ್ಷ ರೂಪಾಯಿಗಳೆಂದು ಗೊತ್ತಾಯಿತು. ಸಂಸ್ಥಾನದ ಸ್ವಂತ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲಿನಲ್ಲಿ ವಿಲೀನವಾಯಿತು. ಹೀಗಿರಲು ಮೈಸೂರು ತನ್ನ ನೆರೆಯ ಸೀಮೆಗಳೊಡನೆ ಕೂಡಬೇಕೆ ಬೇಡವೆ ಎಂಬುದು ಆಗಲೇ ಮೀರಿಹೋದ ಪ್ರಶ್ನೆಯಾಗಿತ್ತು. ಅದು ಕೂಡಿಯೇ ಇತ್ತು. ಕೂಡಿದ ಮೇಲೆ ತನ್ನ ಮಾತು ಎಲ್ಲಿ ನಡೆಯುವುದು ಎಂಬುದೊಂದೇ ಉಳಿದಿತ್ತು.

ರೇಷ್ಮೆಯ ಸಂಗತಿಯನ್ನು ಪರಿಶೀಲಿಸಿದರೆ ಇದು ಸ್ಪಷ್ಟವಾಗುತ್ತದೆ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರುವ ಒಕ್ಕಲಿಗರೂ, ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆಯುವ ಕಸುಬಿನವರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಬಹುಸಂಖ್ಯೆಯಲ್ಲಿದ್ದರು. 1930ರ ಮೊದಲ ವರ್ಷಗಳಲ್ಲಿ ಚೀನ ಜಪಾನುಗಳ ರೇಷ್ಮೆಯೂ ಕೃತಕ ರೇಷ್ಮೆಯೂ ಅಗ್ಗದ ಬೆಲೆಗೆ ಬಂದಿಳಿದಾಗ ಇವರ ಜೀವನೋಪಾಯಕ್ಕೆ ಧಕ್ಕೆಯಾಯಿತು. ಪರಿಹಾರವೇನೋ ಎಲ್ಲರಿಗೂ ತಿಳಿದಿತ್ತು. ಹೊರಗಿನ ಸರಕಿನ ಮೇಲೆ ಸುಂಕವನ್ನೇರಿಸಬೇಕು. ಆದರೆ ಮೈಸೂರಿಗೆ ಬಂದರಿಲ್ಲ. ಸುಂಕವನ್ನು ವಿಧಿಸುವವರು ದೆಹಲಿಯವರು. ಅಲ್ಲಿನ ಶಾಸನಸಭೆಯಲ್ಲಿ ದೇಶೀ ಸಂಸ್ಥಾನಗಳಿಗೆ ಒಂದು ಸ್ಥಾನವೂ ಇರಲಿಲ್ಲ. ಭಾರತದ ಸುಂಕಮಂಡಲಿಯು 1933ರಲ್ಲಿ ರೇಷ್ಮೆ ಕೈಗಾರಿಕೆಯ ವಿಚಾರಣೆಯನ್ನು ನಡೆಸಿ, 1934ರಲ್ಲಿ ರಕ್ಷಣಾ ಸುಂಕವೂ ಬಂದಿತು ನಿಜ. ಆದರೂ ದೇಶದ ರೇಷ್ಮೆಯ ಬಹುಪಾಲನ್ನು ಉತ್ಪಾದಿಸುತ್ತಿದ್ದ ಸಂಸ್ಥಾನವು ಬೇಡುವವನ ಸ್ಥಾನದಲ್ಲಿ ನಿಂತು ಅದನ್ನು ಪಡೆಯಬೇಕಾಯಿತು. ಇನ್ನೊಂದು ಮುಖವೂ ಇದಕ್ಕುಂಟು. ಮೈಸೂರಿನವನು ಕೊಳ್ಳುತ್ತಿದ್ದ ಪ್ರತಿಯೊಂದು ವಿದೇಶೀ ಸಾಮಾನಿನ ಬೆಲೆಯಲ್ಲಿಯೂ ಸಮುದ್ರ ಸುಂಕವು ಅಡಗಿರುತ್ತಿತ್ತು; ಆ ಹಣವೆಲ್ಲ ಬ್ರಿಟಿಷ್ ಇಂಡಿಯಾದ ಬೊಕ್ಕಸಕ್ಕೆ ಸೇರುತ್ತಿತ್ತು. ಒಳನಾಡಿನ ಸಂಸ್ಥಾನಗಳ ಬಹುದಿನದ ದೂರು ಇದು. ಈ ದೂರನ್ನು ಕೇವಲ ಹಣಕಾಸಿನ ಲೆಕ್ಕವೆಂದು ತಳ್ಳಿಹಾಕುವುದು ಸರಿಯಲ್ಲ; ಮತವಿಲ್ಲದೆ ತೆರಿಗೆ ತೆರುವವನ ದೂರಿಗೂ ಇದಕ್ಕೂ ಭೇದವಿಲ್ಲ.

ಕನಕಪುರದ ತೆಂಕಣ ಎಲ್ಲೆಯಲ್ಲಿ ಈ ವೈಚಿತ್ರ್ಯವು ಇನ್ನೂ ಎದ್ದುಕಾಣುತ್ತಿತ್ತು. ಕಾವೇರಿಯ ಆಚೆಯ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಯೂ ಕನ್ನಡವೇ ಆಡುಮಾತು, ಅಲ್ಲಿಯೂ ರೇಷ್ಮೆಯೇ ಮುಖ್ಯ ಕಸುಬು. ಆದರೆ ಈಚೆಯ ರೈತನು ಮಹಾರಾಜರ ಪ್ರಜೆ, ಆಚೆಯವನು ಮದರಾಸು ಸರ್ಕಾರದ ಪ್ರಜೆ. ಕವಿರಾಜಮಾರ್ಗವು ಕನ್ನಡನಾಡನ್ನು ಕಾವೇರಿ ಗೋದಾವರಿಗಳ ನಡುವೆ ಇರಿಸಿರುವುದು ಸುಪರಿಚಿತ ವಿಷಯ. ಆ ಮಾತನ್ನು ಮೋಜಣಿದಾರನಂತೆ ಅಳೆದರೆ ಕೊಳ್ಳೇಗಾಲವು ಕನ್ನಡನಾಡಿನ ಹೊರಗೇ ಉಳಿಯುತ್ತದೆ. ಕಾವ್ಯದ ಎಲ್ಲೆಯಿಂದ ಸರ್ಕಾರದ ಎಲ್ಲೆಯನ್ನು ಸಾಧಿಸಹೊರಟವರು ಈ ತಾಲ್ಲೂಕನ್ನು ನೆನೆಯುವುದು ಒಳ್ಳೆಯದು.

ಸಂಯುಕ್ತ ರಾಜ್ಯದ ವಿಚಾರವು ಮೈಸೂರಿನ ಮುಂದೆ ಅಧಿಕೃತವಾಗಿ ಬಂದದ್ದು 1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸೇರಿದ ದುಂಡುಮೇಜಿನ ಪರಿಷತ್ತಿನಲ್ಲಿ. ಅಲ್ಲಿಗೆ ಹೋಗಿದ್ದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ಇದಕ್ಕೆ ಅನುಕೂಲವಾಗಿದ್ದರು. 1935ರ ಭಾರತ ಸರ್ಕಾರದ ಶಾಸನದಲ್ಲಿ ಯೋಜನೆಯ ಪೂರ್ಣರೂಪವನ್ನು ಕಾಣಬಹುದು. ಕೆಳಮನೆಯ 375 ಸ್ಥಾನಗಳಲ್ಲಿ 125, ಮೇಲ್ಮನೆಯ 260ರಲ್ಲಿ 104 ಸಂಸ್ಥಾನಗಳಿಗೆ ಮೀಸಲು. ಕೆಳಮನೆಯಲ್ಲಿ ಮೈಸೂರಿನ ಪಾಲು 7. ಸಂಸ್ಥಾನಗಳ ಒಟ್ಟು ಜನಸಂಖ್ಯೆಯಲ್ಲಿ ಅರ್ಧಕ್ಕೆ ಸಮನಾದಷ್ಟು ಸಂಸ್ಥಾನಗಳು ಸೇರಿದ ಹೊರತು, ಮತ್ತು ಮೇಲ್ಮನೆಯಲ್ಲಿ ಅವುಗಳಿಗೆ 52 ಸ್ಥಾನಗಳಾದರೂ ಸಲ್ಲುವ ಹೊರತು, ಯೋಜನೆ ಜಾರಿಗೆ ಬರುವಂತಿರಲಿಲ್ಲ. ರಾಜರುಗಳು ಷರತ್ತುಗಳನ್ನು ಚರ್ಚಿಸುತ್ತಿರುವಾಗಲೇ 1939ರ ಸೆಪ್ಟೆಂಬರಿನಲ್ಲಿ ಯುದ್ಧವು ಆರಂಭವಾಗಿ ಮಾತುಕತೆ ನಿಂತುಹೋಯಿತು.

ಈ ಯೋಜನೆ ಬಿದ್ದುಹೋದದ್ದನ್ನು ದೇಶದ ದುರದೃಷ್ಟವೆಂದು ಬರೆದವರುಂಟು. ಅದರ ಮೂಲದೋಷವನ್ನು ಗಮನಿಸಿದರೆ ಈ ಅಭಿಪ್ರಾಯವು ನಿಲ್ಲುವುದಿಲ್ಲ. ಸಂಸ್ಥಾನಗಳ ಪ್ರತಿನಿಧಿಗಳನ್ನು ರಾಜರೇ ನಾಮಕರಣ ಮಾಡತಕ್ಕದ್ದೆಂದು ಅದರಲ್ಲಿತ್ತು. ಮೈಸೂರಿನ ಆ 7 ಸ್ಥಾನಗಳಲ್ಲಿ ಕುಳಿತುಕೊಳ್ಳುವವರನ್ನು ಆರಿಸುವುದರಲ್ಲಿ ಮಾಗಡಿಯ ರೈತನಿಗಾಗಲಿ ಚನ್ನಪಟ್ಟಣದ ನೂಲು ತೆಗೆಯುವವನಿಗಾಗಲಿ ಯಾವ ಅಧಿಕಾರವೂ ಇರುತ್ತಿರಲಿಲ್ಲ. ಸಂಸ್ಥಾನಕ್ಕೆ ಧ್ವನಿ ಬಂದು ಪ್ರಜೆಗೆ ಬಾರದಿದ್ದಲ್ಲಿ ಅದು ಅರಮನೆಗಳ ಕೂಟವಾಗುವುದಲ್ಲದೆ ನಾಡುಗಳ ಕೂಟವಾಗುವುದಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು ಆ ವೇಳೆಗೆ ಬಲಗೊಂಡಿತ್ತು. 1938ರ ಏಪ್ರಿಲಿನಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ಧ್ವಜವೇರಿಸಿದ ಶಿವಪುರವು ಚನ್ನಪಟ್ಟಣಕ್ಕೆ ಅನತಿದೂರದಲ್ಲಿ, ಮದ್ದೂರಿನ ಮಗ್ಗುಲಲ್ಲಿಯೇ ಇದೆ.

1947ರಲ್ಲಿ ಪ್ರಶ್ನೆಯು ಮತ್ತೆ ಬಂದಿತು. ಮಹಾರಾಜ ಜಯಚಾಮರಾಜ ಒಡೆಯರು ಆ ವರ್ಷದ ಆಗಸ್ಟ್ 9ರಂದು ಸಮ್ಮಿಲನ ಪತ್ರಕ್ಕೆ ರುಜು ಹಾಕಿದರು. ಒಪ್ಪಿಸಿದ ವಿಷಯಗಳು ಮೂರೇ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಒಳಾಡಳಿತವೆಲ್ಲ ಸಂಸ್ಥಾನದ್ದೆಂದೇ ಅದರ ತಾತ್ಪರ್ಯ. ಅನಂತರ ಮೈಸೂರು ಚಲೋ ಚಳವಳಿ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ರಚಿತವಾಯಿತು. 1949ರ ನವೆಂಬರ್ 25ರ ಘೋಷಣೆಯಿಂದ ಭಾರತದ ಸಂವಿಧಾನವನ್ನೇ ಮೈಸೂರಿನ ಸಂವಿಧಾನವಾಗಿ ಅಂಗೀಕರಿಸಿದ್ದಾಯಿತು. 1950ರ ಏಪ್ರಿಲ್ 1ರಿಂದ ಹಣಕಾಸಿನ ಏಕೀಕರಣವಾಗಿ, ಬಿಡದಿ ಚನ್ನಪಟ್ಟಣಗಳ ಮೂಲಕ 1881-82ರಲ್ಲಿ ಹಾದುಬಂದ ಮೈಸೂರು ರೈಲುಮಾರ್ಗವೂ ಕೇಂದ್ರದ ಸ್ವತ್ತಾಯಿತು. ಮೂರು ವಿಷಯಗಳಿಗೆ ಕೊಟ್ಟ ಸಮ್ಮತಿಯು ಮೂರು ವರ್ಷ ತುಂಬುವ ಮೊದಲೇ ಎಲ್ಲ ವಿಷಯಗಳಿಗೂ ಹಬ್ಬಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಎರಡನೆಯ ಸಮ್ಮತಿಗೆ ಸಂಸ್ಥಾನದ ಸಂವಿಧಾನ ಸಭೆಯ ಶಿಫಾರಸು ಆಧಾರವಾಗಿತ್ತು. 1935ರ ಯೋಜನೆಯಲ್ಲಿ ಇಲ್ಲದಿದ್ದ ಅಂಶವು ಇದೇ.

ಸಂವಿಧಾನದ ಆಕಾರದ ವಿಷಯದಲ್ಲಿ ಮಾತ್ರ ಎಲ್ಲರಿಗೂ ತೃಪ್ತಿಯಿರಲಿಲ್ಲ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರು. ವೀಣೆ ಸಿತಾರುಗಳ ನಾದವನ್ನು ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡಿನ ವಾದ್ಯ ದೊರಕಿತೆಂದು ಅವರು 1949ರ ನವೆಂಬರಿನಲ್ಲಿ ಆಡಿದ ಮಾತು ಪ್ರಸಿದ್ಧವಾಗಿದೆ. ಏಳು ವರ್ಷಗಳೊಳಗೆ ಅದೇ ಹನುಮಂತಯ್ಯನವರು ಮತ್ತೊಂದು ಕೂಟಕ್ಕೆ ತಮ್ಮ ಸೀಮೆಯವರನ್ನು ಒಪ್ಪಿಸುವ ಭಾರವನ್ನು ಹೊರಬೇಕಾಯಿತು.

ಅದು ಕರ್ನಾಟಕ ಏಕೀಕರಣ. ಮುಂಬಯಿ, ಹೈದರಾಬಾದು, ಮದರಾಸುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಏಕೀಕರಣವೆಂದರೆ ಬಿಡುಗಡೆ. ಹಳೆಯ ಮೈಸೂರಿನವರಲ್ಲಿ ಅನೇಕರಿಗೆ ಅದು ಚಿಂತೆ. ಸ್ವಂತ ವಿದ್ಯುತ್ತು, ಸ್ವಂತ ಕಾರ್ಖಾನೆ, ಸ್ವಂತ ವಿಶ್ವವಿದ್ಯಾನಿಲಯಗಳನ್ನು ಕಟ್ಟಿಕೊಂಡಿದ್ದವರು, ತಮ್ಮ ವರಮಾನವು ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋದೀತೆಂದೂ, ಶಾಸನಸಭೆಯಲ್ಲಿ ಸಮುದಾಯಗಳ ಬಲಾಬಲವು ಬದಲಾದೀತೆಂದೂ ಶಂಕಿಸಿದರು. ಕರ್ನಾಟಕಗಳು ಎರಡಾಗಲೆಂಬ ವಾದವೂ ಇತ್ತು. ಈ ಶಂಕೆಯನ್ನು ಕೇವಲ ಸ್ವಾರ್ಥವೆಂದು ಹಳಿಯುವುದು ಏಕೀಕರಣದ ಚರಿತ್ರೆಗಳಲ್ಲಿ ವಾಡಿಕೆಯಾಗಿದೆ. ನ್ಯಾಯವಾಗಿ ನೋಡಿದರೆ, ಕೂಡಲಿರುವ ಯಾವ ರಾಜ್ಯವಾದರೂ ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದರು. ಮೈಸೂರು ಸರ್ಕಾರವು ಎಂ. ಶೇಷಾದ್ರಿಯವರ ಸಮಿತಿಯಿಂದ ಸಂಗತಿಗಳನ್ನು ವಿಚಾರಣೆ ಮಾಡಿಸಿತು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಒಂದೇ ಕರ್ನಾಟಕವನ್ನು ಶಿಫಾರಸು ಮಾಡಿತು. ತಮ್ಮ ಪಕ್ಷದವರಲ್ಲಿಯೇ ಹಲವರು ಎದುರಾಗಿದ್ದರೂ ಮುಖ್ಯಮಂತ್ರಿ ಹನುಮಂತಯ್ಯನವರು ಇದನ್ನು ಸಮರ್ಥಿಸಿದರು, ಮಹಾರಾಜರೂ ಅನುಕೂಲವಾಗಿದ್ದರು. 1956ರ ನವೆಂಬರ್ 1ರಂದು ಸುಮಾರು 1 ಕೋಟಿ 94 ಲಕ್ಷ ಜನರ ರಾಜ್ಯವು ಉದಯವಾಗುವ ಹೊತ್ತಿಗೆ ಅವರು ಅಧಿಕಾರದಲ್ಲಿರಲಿಲ್ಲ. ಆಗಸ್ಟಿನಲ್ಲಿಯೇ ಪದವಿಯನ್ನು ಬಿಡಬೇಕಾಗಿ ಬಂದಿತ್ತು.

ಇದು ಸಂಯುಕ್ತಾಕ್ಷರವಲ್ಲ, ಸಂಧಿ. ಲೋಪವಾದದ್ದು ಮುಖ್ಯವಾಗಿ ಕೊಡಗು. 1952ರಿಂದ ಸ್ವಂತ ಶಾಸನಸಭೆಯನ್ನೂ ಮಂತ್ರಿಮಂಡಲವನ್ನೂ ಹೊಂದಿದ್ದ ಆ ಪುಟ್ಟ ರಾಜ್ಯವು ಒಂದು ಜಿಲ್ಲೆಯಾಗಿ ಉಳಿಯಿತು. ಹಳೆಯ ಮೈಸೂರಿನವರ ಭಯವು ಎಷ್ಟರಮಟ್ಟಿಗೆ ನಿಜವಾಯಿತೆಂಬುದಕ್ಕೆ ಪ್ರಾದೇಶಿಕ ಅಸಮತೆಯನ್ನು ಕುರಿತು ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ನೋಡಬಹುದು. ಅದು ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಮೈಸೂರು ಕೊಡುವ ಕೈ, ಉಳಿದವು ಪಡೆಯುವ ಕೈ ಎಂಬ 1955ರ ಚಿತ್ರಕ್ಕೆ ಈ ಅಂಕಿಗಳು ಒಪ್ಪುವುದಿಲ್ಲ.

ಕೊಡುವ ಕೈಯ ಚಿಂತೆ ಈಗ ಒಂದು ಮೆಟ್ಟಲು ಮೇಲಕ್ಕೆ ಹೋಗಿದೆ. 1999ರ ಡಿಸೆಂಬರಿನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ವಾಹನಗಳು ಹೊರಬರತೊಡಗಿದ ಮೇಲೆ ಈ ಕೈಗಾರಿಕಾ ಪ್ರದೇಶದ ಸರಕಿಗೆ ಇಡೀ ಭಾರತವೇ ಪೇಟೆ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಬಂದು, ರಾಜ್ಯಗಳು ಬೇರೆ ಬೇರೆಯಾಗಿ ವಿಧಿಸುತ್ತಿದ್ದ ಮಾರಾಟ ತೆರಿಗೆ ಪ್ರವೇಶ ತೆರಿಗೆಗಳ ಬಹುಭಾಗವು ಅದರಲ್ಲಿ ಅಡಗಿತು. ಅದರ ಪರಿಷತ್ತಿನಲ್ಲಿ ಮತಬಲದ ಮೂರನೆಯ ಒಂದು ಪಾಲು ಕೇಂದ್ರದ್ದು, ಉಳಿದೆರಡು ರಾಜ್ಯಗಳದ್ದು. 1834ರ ಜರ್ಮನ್ ಸುಂಕದ ಕೂಟಕ್ಕೂ 1951ರಲ್ಲಿ ಕಲ್ಲಿದ್ದಲು ಉಕ್ಕುಗಳಿಂದ ಆರಂಭವಾದ ಐರೋಪ್ಯ ಕೂಟಕ್ಕೂ ಇದನ್ನು ಹೋಲಿಸುವುದುಂಟು. ಐರೋಪ್ಯ ಕೂಟದಿಂದ ಬ್ರಿಟನ್ 2020ರಲ್ಲಿ ಹೊರಬಂದಂತೆ ಇಲ್ಲಿ ಹೊರಬರುವ ಬಾಗಿಲಿಲ್ಲವೆಂಬುದೇ ದೊಡ್ಡ ಭೇದ. ಬಾಗಿಲಿಲ್ಲದ ಮನೆಯಲ್ಲಿ ಪಾಲಿನ ಲೆಕ್ಕವು ಇನ್ನಷ್ಟು ಮುಖ್ಯವಾಗುತ್ತದೆ. ಕೇಂದ್ರವು ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದಲ್ಲಿ ಶೇಕಡ 4.713 ಇದ್ದದ್ದು, 2021-26ರ ಅವಧಿಗೆ ಹದಿನೈದನೆಯ ಆಯೋಗದಿಂದ ಶೇಕಡ 3.647ಕ್ಕೆ ಇಳಿಯಿತು.

ರೇಷ್ಮೆಯ ಕಥೆಯೂ ಮುಗಿಯಲಿಲ್ಲ. 1948ರ ಶಾಸನದಂತೆ ಕೇಂದ್ರ ರೇಷ್ಮೆ ಮಂಡಳಿಯು ಸ್ಥಾಪಿತವಾಗಿ, ಬೆಂಗಳೂರು ಅದರ ಕೇಂದ್ರಸ್ಥಾನವಾಯಿತು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾಯಿತು. ಹೀಗಿದ್ದೂ 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು 15ಕ್ಕೆ ಏರಿಸಲಾಯಿತು. 1933ರಲ್ಲಿ ದೆಹಲಿಯಲ್ಲಿ ಈ ಸೀಮೆಗೆ ಪ್ರತಿನಿಧಿಯೇ ಇರಲಿಲ್ಲ. 2011ರಲ್ಲಿ ಇದ್ದನು, ಆದರೆ ಅಗ್ಗದ ನೂಲನ್ನು ಬಯಸುವ ನೇಕಾರರ ಸೀಮೆಗಳಿಗೂ ಅಲ್ಲಿ ಪ್ರತಿನಿಧಿಗಳಿದ್ದರು.

ಕೊಳ್ಳೇಗಾಲವು 1956ರಲ್ಲಿ ಮೈಸೂರು ಜಿಲ್ಲೆಗೆ ಸೇರಿತು. ಕನಕಪುರದ ಎದುರಿನ ದಡದಲ್ಲಿದ್ದ ಮದರಾಸಿನ ಎಲ್ಲೆಯು ಹೊಳೆಯ ಕೆಳಭಾಗಕ್ಕೆ ಸರಿಯಿತು. ನೀರಿನ ವ್ಯಾಜ್ಯವೂ ಅದರೊಡನೆ ಸರಿಯಿತಲ್ಲದೆ ತೀರಲಿಲ್ಲ. ಹೊಸ ಜಲಾಶಯಗಳಿಗೆ ಮದರಾಸಿನ ಸಮ್ಮತಿ ಬೇಕೆಂದು ಮೈಸೂರನ್ನು ಕಟ್ಟಿಹಾಕಿದ 1892ರ ಒಪ್ಪಂದವೂ ಕನ್ನಂಬಾಡಿಯ ಕಟ್ಟೆಯ ವಿವಾದವನ್ನು ಮುಗಿಸಿದ 1924ರ ಒಪ್ಪಂದವೂ ಆದಾಗ, ಎರಡು ಕಕ್ಷಿಗಳ ಮೇಲೆ ಇದ್ದದ್ದು ಬ್ರಿಟಿಷ್ ಪ್ರಭುತ್ವ. ಅದರ ಅಧಿಕಾರಿಗಳೇ ಒಂದು ಕಕ್ಷಿಯಾದ ಮದರಾಸನ್ನು ಆಳುತ್ತಿದ್ದರು. ಸ್ವಾತಂತ್ರ್ಯಾನಂತರ ನದಿವಿವಾದಗಳಿಗಾಗಿಯೇ 1956ರಲ್ಲಿ ಶಾಸನವಾಯಿತು. ಅದರಂತೆ 1990ರಲ್ಲಿ ನ್ಯಾಯಮಂಡಳಿಯು ರಚಿತವಾಗಿ 2007ರಲ್ಲಿ ತೀರ್ಪಿತ್ತಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ 284.75ಕ್ಕೆ ನಿಲ್ಲಿಸಿತು, ಹೆಚ್ಚಳದಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಆ ವರ್ಷ ಏರ್ಪಟ್ಟ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿಗಳ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಕನಕಪುರ ತಾಲ್ಲೂಕಿನ ಮೇಕೆದಾಟಿನಲ್ಲಿ ಕರ್ನಾಟಕವು ಕಟ್ಟಬಯಸಿರುವ ಜಲಾಶಯದ ಪ್ರಶ್ನೆಯು ಅವರ ಮುಂದೆಯೂ ಬಂದಿದೆ.