ಎದುರು ದೀಪದ ಮುಸುಕು

ಒಂದು ರಾತ್ರಿ ಟಿ. ದಾಸರಹಳ್ಳಿಯ ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಹೆಸರಘಟ್ಟ ರಸ್ತೆಗೆ ತಿರುಗಿದ್ದೆ. ಎದುರಿನಿಂದ ಹೈಬೀಮ್ ಹಾಕಿಕೊಂಡು ಕಾರೊಂದು ಬಂತು. ಅದು ಹಾದುಹೋದ ಮೇಲಷ್ಟೇ, ನನ್ನ ಬಂಪರಿನಿಂದ ನಾಲ್ಕಡಿ ಮುಂದೆ ತಳ್ಳುಗಾಡಿ ನೂಕುತ್ತಿದ್ದವರು ಕಂಡರು. ಅವರು ಮೊದಲಿನಿಂದಲೂ ಅಲ್ಲೇ ಇದ್ದರು.

ಕಣ್ಣು ಕೋರೈಸುವುದು ಬರೀ ಕಿರಿಕಿರಿ ಎಂದು ನೀವು ಭಾವಿಸಿರಬಹುದು. ಆದರೆ ಕಾರ್ನಿಯ, ಮಸೂರಗಳು ಪೂರ್ಣ ಪಾರದರ್ಶಕವಲ್ಲ. ಒಳಹೊಕ್ಕ ಬೆಳಕಿನ ಅಲ್ಪ ಭಾಗ ಅಲ್ಲಿ ಚದರಿ, ಅಕ್ಷಿಪಟಲದ ಮೇಲೆ ತೆಳುವಾದ ಮುಸುಕಿನಂತೆ ಹರಡುತ್ತದೆ. ಇದನ್ನು ಲೆಕ್ಕ ಹಾಕಲು ಸ್ಟೈಲ್ಸ್–ಹಾಲಡೇ ಸೂತ್ರವಿದೆ: ಕಣ್ಣಿಗೆ ಬೀಳುವ ಬೆಳಕನ್ನು (ಲಕ್ಸ್‌ಗಳಲ್ಲಿ) 10ರಿಂದ ಗುಣಿಸಿ, ದೀಪಕ್ಕೂ ನೋಟದ ದಿಕ್ಕಿಗೂ ನಡುವಣ ಕೋನದ (ಡಿಗ್ರಿಗಳಲ್ಲಿ) ವರ್ಗದಿಂದ ಭಾಗಿಸಬೇಕು.

ನಿಮ್ಮತ್ತ 20,000 ಕ್ಯಾಂಡೆಲಾ ಬೀರುವ ದೀಪ 3.5 ಮೀಟರ್ ಬಲಕ್ಕಿದೆ ಎನ್ನಿ. 100 ಮೀಟರ್ ದೂರದಲ್ಲಿ 2 ಲಕ್ಸ್, 2 ಡಿಗ್ರಿ. ಮುಸುಕು ಚದರ ಮೀಟರಿಗೆ 5 ಕ್ಯಾಂಡೆಲಾ. 50 ಮೀಟರಿಗೆ ಬಂದಾಗ 8 ಲಕ್ಸ್, 4 ಡಿಗ್ರಿ, ಮತ್ತೆ 5! ದೀಪ ದೂರವಿದ್ದರೂ ಕಾಟ ತಪ್ಪದು. ಬೀದಿದೀಪವಿರುವ ರಸ್ತೆಯ ಪ್ರಕಾಶ ಸುಮಾರು 1 ಎಂದುಕೊಂಡರೆ, ಕಪ್ಪು ಬಟ್ಟೆಯವರಿಗೂ ಹಿನ್ನೆಲೆಗೂ ಇರುವ ವ್ಯತ್ಯಾಸ ಆರನೇ ಒಂದು ಪಾಲಿಗೆ ಕುಸಿಯುತ್ತದೆ.

ವಯಸ್ಸಾದಂತೆ ಮಸೂರ ಮಬ್ಬಾಗುತ್ತದೆ. ಯುವಕರಿಗೆ ಹೋಲಿಸಿದರೆ ಮುಸುಕು 70ರಲ್ಲಿ ಎರಡು ಪಟ್ಟು. ನನ್ನ 56ಕ್ಕೆ ಸುಮಾರು 1.4 ಪಟ್ಟು. ಪೊರೆ ಬೆಳೆದಿದ್ದರಂತೂ ಕೇಳುವುದೇ ಬೇಡ. ದೀಪದ ಸುತ್ತ ಬಳೆಗಳು ಕಂಡರೆ ನೇತ್ರವೈದ್ಯರಿಗೆ ತೋರಿಸಿ.

ಎಲ್‌ಇಡಿ ಎಂದೊಡನೆ ಬೈಯಬೇಕಿಲ್ಲ. ಹ್ಯಾಲೊಜನ್ ತಂತುವಿನ ಸ್ಥಾನಕ್ಕೆಂದೇ ರೂಪಿಸಿದ ಪ್ರತಿಫಲಕಕ್ಕೆ ಅಂಗಡಿಯ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಬೆಳಕಿನ ಮೂಲದ ಆಕಾರ, ಸ್ಥಾನ ಬದಲಾಗಿ ಡಿಮ್‌ನಲ್ಲೂ ಕಿರಣಗಳು ಮೇಲೇರುತ್ತವೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ಕಾರ್ಯಾಚರಣೆ ನಡೆಸಿದ್ದು ನಿಮಗೆ ನೆನಪಿರಬಹುದು. ಹಿಂಬದಿಗೆ ಹೊರೆ ಹೇರಿದಾಗಲೂ ಹೀಗೆಯೇ: ದೀಪ 1 ಡಿಗ್ರಿ ಮೇಲಕ್ಕೆ ವಾಲಿದರೆ 100 ಮೀಟರಿನಲ್ಲಿ ಬೆಳಕು 1.75 ಮೀಟರ್ ಮೇಲೇರುತ್ತದೆ.

ಹಳದಿ ಕನ್ನಡಕ ಕೊಳ್ಳಬೇಡಿ. ಅದು ದೀಪದ ಬೆಳಕಿನ ಜೊತೆ ಪಾದಚಾರಿಯಿಂದ ಬರುವ ಬೆಳಕನ್ನೂ ತಗ್ಗಿಸುತ್ತದೆ. ವೇಗ ತಗ್ಗಿಸಿ, ನೋಟವನ್ನು ರಸ್ತೆಯ ಎಡ ಅಂಚಿಗೆ ಹೊರಳಿಸಿ. ಕೋನ ಎರಡರಷ್ಟಾದರೆ ಮುಸುಕು ಕಾಲು ಭಾಗಕ್ಕಿಳಿಯುತ್ತದೆ. ಗಾಜಿನ ಮೇಲಿನ ಧೂಳು, ಗೀರುಗಳೂ ಬೆಳಕನ್ನು ಚದರಿಸುತ್ತವೆ. ಅಂದು ಮನೆಗೆ ಬಂದು ನೋಡಿದರೆ ನನ್ನ ವೈಪರಿನ ರಬ್ಬರು ಹರಿದು, ಗಾಜಿನ ತುಂಬ ಕಮಾನಿನಂಥ ಗೆರೆಗಳಿದ್ದವು.