ಮುಳ್ಳಿನ ತುದಿಯನ್ನು ಅರಿಯುವ ಪ್ರತಿಕಾಯ

2020ರ ಜುಲೈ ತಿಂಗಳಲ್ಲಿ ಕೊವ್ಯಾಕ್ಸಿನ್ ಲಸಿಕೆಯ ಪ್ರಥಮ ಹಂತದ ಮಾನವ ಪರೀಕ್ಷೆಗೆ ಆಯ್ಕೆಯಾದ ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದಾಗಿತ್ತೆಂಬುದನ್ನು ಅಥಣಿ ತಾಲೂಕಿನ ಅನಂತಪುರದಂಥ ಗಡಿಯೂರುಗಳ ಜನ ಅಭಿಮಾನದಿಂದ ನೆನೆಯಬಹುದು. ದೇಶದ ನಾನಾ ಕಡೆಗಳಲ್ಲಿ ಅಂದು ತೋಳೊಡ್ಡಿದ 375 ಮಂದಿಯ ರಕ್ತದಲ್ಲಿ ವಿಜ್ಞಾನಿಗಳು ಮುಖ್ಯವಾಗಿ ಅರಸಿದ್ದು, ಕೊರೊನಾ ವೈರಾಣುವನ್ನು ಗುರುತಿಸಿ ತಡೆಯಬಲ್ಲ ಪ್ರತಿಕಾಯಗಳನ್ನು.

ಕೊರೊನಾ ವೈರಾಣುವಿನ ಮೈಮೇಲಿನ ಒಂದೊಂದು ಮುಳ್ಳೂ ಮೂರು ಎಳೆಗಳು ಹೆಣೆದುಕೊಂಡ ಪ್ರೋಟೀನು. ಎಳೆಯೊಂದರಲ್ಲಿ 1273 ಅಮೈನೋ ಆಮ್ಲಗಳುಂಟು. ಅದರ ಬಹುಭಾಗವನ್ನು ಶರ್ಕರದ ಸರಪಳಿಗಳು ಮರೆಮಾಡಿರುವುವು. ಆ ಶರ್ಕರವಾದರೋ ವೈರಾಣು ಹೊಕ್ಕ ನಮ್ಮ ಜೀವಕೋಶವೇ ತೊಡಿಸಿದುದಾದ್ದರಿಂದ, ದೇಹಕ್ಕೆ ಅದು ಪರಕೀಯವೆಂದು ತೋರುವುದು ಕಷ್ಟ. ಶ್ವಾಸಮಾರ್ಗದ ಜೀವಕೋಶವನ್ನು ಹಿಡಿಯಲು ಆಗಾಗ ಮೇಲೆದ್ದು ನಿಲ್ಲುವ ತುದಿಯೇ ಪ್ರತಿಕಾಯಕ್ಕೆ ಸುಲಭವಾಗಿ ಒದಗುವ ತಾಣ.

ಪ್ರತಿಕಾಯಕ್ಕೆ ಎರಡು ತೋಳುಗಳು. ಒಂದೊಂದರ ತುದಿಯಲ್ಲಿ ಆರು ಕುಣಿಕೆಗಳು. ಇವು ಮುಳ್ಳಿನ ಸುಮಾರು 15ರಿಂದ 20 ಅಮೈನೋ ಆಮ್ಲಗಳನ್ನು ಮಾತ್ರ ಮುಟ್ಟುವುವು. ಋಣಾವೇಶಕ್ಕೆದುರಾಗಿ ಧನಾವೇಶ, ಉಬ್ಬಿಗೆದುರಾಗಿ ತಗ್ಗು, ನೀರನ್ನು ಒಲ್ಲದ ಭಾಗಕ್ಕೆ ಅಂತಹುದೇ ಮತ್ತೊಂದು ಭಾಗ, ಹೀಗೆ ಒಂದೊಂದೂ ದುರ್ಬಲವಾದ ಅನೇಕ ಆಕರ್ಷಣೆಗಳು ಏಕಕಾಲದಲ್ಲಿ ಕೂಡಿಬಂದಾಗಲೇ ಹಿಡಿತವು ಬಿಗಿಯಾಗುವುದು. ಪ್ರತಿಕಾಯವು ವೈರಾಣುವನ್ನು ಅರಿಯುವುದಿಲ್ಲ, ಅದರ ಅಂಗುಲಮಾತ್ರವೂ ಅಲ್ಲದ ಒಂದು ಮೇಲ್ಮೈಯನ್ನಷ್ಟೇ ಅರಿಯುವುದು.

ಎಂದೂ ಕಾಣದ ಶತ್ರುವಿಗೆ ಹೊಂದುವ ಕುಣಿಕೆಗಳು ಬಂದುದೆಲ್ಲಿಂದ? ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳು ಹುಟ್ಟುವಾಗ ತಮ್ಮ ವಂಶವಾಹಿಯ ತುಣುಕುಗಳನ್ನು ಬಗೆಬಗೆಯಾಗಿ ಜೋಡಿಸಿಕೊಂಡು ಅಸಂಖ್ಯ ಮಾದರಿಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿರುವುವು. ಇದನ್ನು ಕಂಡುಹಿಡಿದ ಜಪಾನಿನ ಸುಸುಮು ತೊನೆಗಾವರಿಗೆ 1987ರಲ್ಲಿ ನೊಬೆಲ್ ಸಂದಿತು. ಲಸಿಕೆ ಬಿದ್ದೊಡನೆ ತಕ್ಕ ಕೋಶಗಳು ದುಗ್ಧಗ್ರಂಥಿಗಳಲ್ಲಿ ವೃದ್ಧಿಸಿ, ಸಣ್ಣಪುಟ್ಟ ಮಾರ್ಪಾಡುಗಳಿಗೆ ಒಳಗಾಗಿ, ಹೆಚ್ಚು ಬಿಗಿಯಾಗಿ ಹಿಡಿಯುವವೇ ಉಳಿದುಕೊಳ್ಳುವುವು. ಈ ವ್ಯವಸ್ಥೆಯನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

ಆದರೆ ವೈರಾಣುವೂ ಬದಲಾಗುತ್ತದೆ. ಮುಳ್ಳಿನ 484ನೆಯ ಸ್ಥಾನದಲ್ಲಿದ್ದ ಗ್ಲುಟಾಮಿಕ್ ಆಮ್ಲ ಋಣಾವೇಶವುಳ್ಳದ್ದು. ಬೀಟಾ ತಳಿಯಲ್ಲಿ ಆ ಸ್ಥಾನಕ್ಕೆ ಧನಾವೇಶದ ಲೈಸೀನ್ ಬಂದೊಡನೆ, ಅಲ್ಲಿ ನೆಲೆಯೂರುತ್ತಿದ್ದ ಅನೇಕ ಪ್ರತಿಕಾಯಗಳ ಹಿಡಿತ ಸಡಿಲಿತು. 2021ರ ಡಿಸೆಂಬರ್ 2ರಂದು ಬೆಂಗಳೂರಿನಲ್ಲಿ ಪತ್ತೆಯಾಗಿ, ಭಾರತದಲ್ಲೇ ಮೊದಲೆನಿಸಿದ ಓಮಿಕ್ರಾನ್ ತಳಿಯ ಮುಳ್ಳಿನಲ್ಲಾದರೋ ಮೂವತ್ತಕ್ಕೂ ಮಿಕ್ಕಿದ ಬದಲಾವಣೆಗಳಿದ್ದುವು. ಆದರೂ ಮುಳ್ಳಿನ ಬದಲಾಗದ ತಾಣಗಳನ್ನು ಹಿಡಿಯುವ ಕೋಶಗಳು, ಸಂಖ್ಯೆಯಲ್ಲಿ ಅಲ್ಪವಾದರೂ, ಹಿಂದೆ ಲಸಿಕೆ ಪಡೆದವರ ಮೈಯಲ್ಲಿ ಉಳಿದೇ ಇದ್ದುವು. 2022ರ ಜನವರಿ 10ರಿಂದ ವೃದ್ಧರಿಗೂ ಆರೋಗ್ಯ ಸಿಬ್ಬಂದಿಗೂ ಕೊಡತೊಡಗಿದ ಮುನ್ನೆಚ್ಚರಿಕೆಯ ಡೋಸು ಇಂಥ ಕೋಶಗಳನ್ನೂ ಎಬ್ಬಿಸಿ ಬೆಳೆಸುವಂಥದು.