ಕಾರಿನ ಮಂಡಿನೋವಿಗೆ ಮದ್ದು

ಕಾರಿಗೂ ಮಂಡಿನೋವು ಬರುತ್ತದೆ. ಎಪ್ಪತ್ತು ದಾಟಿದ ನನ್ನಂಥವರ ಮಂಡಿ ಮೆಟ್ಟಿಲಿಳಿಯುವಾಗ ‘ಕಟಕ್’ ಎನ್ನುವ ಹಾಗೆ, ವಯಸ್ಸಾದ ಕಾರು ಗುಂಡಿಗೆ ಇಳಿದಾಗ ‘ಟಕ್ ಟಕ್’ ಎನ್ನುತ್ತದೆ. ನಮ್ಮ ಮನೆಯ ಪುಟ್ಟ ಆಲ್ಟೊ ಕಾರಿಗೆ ಒಂಬತ್ತು ವರ್ಷ ತುಂಬುವ ಹೊತ್ತಿಗೆ ಈ ಸದ್ದು ಶುರುವಾಯಿತು. ನಾವು ಶಿವಮೊಗ್ಗದಿಂದ ಉಡುಪಿಗೆ ವರ್ಷಕ್ಕೆ ನಾಲ್ಕೈದು ಸಲ ಹೋಗುವವರು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳಲ್ಲಿ ಕಾರು ದೋಣಿಯಂತೆ ಓಲಾಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುವ ನನ್ನಾಕೆಗೆ ಬೆನ್ನಿನ ಡಿಸ್ಕ್ ಜಾರಿದ ತೊಂದರೆ. ಕಾರು ಓಡಿಸುವವನು ಎಂಜಿನಿಯರಿಂಗ್ ಎರಡನೇ ವರ್ಷದ ಮೊಮ್ಮಗ; ಲೈಸೆನ್ಸ್ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ.

“ಅಜ್ಜ, ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡ್ಸೋಣ. ಗಟ್ಟಿ ಸ್ಪ್ರಿಂಗ್ ಹಾಕಿ ಕಾರನ್ನ ಒಂದೂವರೆ ಇಂಚು ತಗ್ಗಿಸಿದ್ರೆ ತಿರುವಲ್ಲಿ ನೆಲಕ್ಕೆ ಅಂಟ್ಕೊಂಡು ಹೋಗುತ್ತೆ. ನನ್ನ ಫ್ರೆಂಡ್ ಮಾಡ್ಸಿದಾನೆ” ಎಂದ.

“ಗಟ್ಟಿ ಮಾಡ್ಸಿದ್ರೆ ನಾನು ಬಸ್ಸಲ್ಲಿ ಬರ್ತೀನಿ” ಎಂದಳು ಅವನ ಅಜ್ಜಿ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಬರೆದು ನನಗೊಂದು ಚಾಳಿ ಅಂಟಿದೆ. ಯಾರ ಅರ್ಜಿಯೇ ಆಗಲಿ, ಕಾಗದಪತ್ರ ನೋಡದೆ ಸಹಿ ಹಾಕುವುದಿಲ್ಲ. ಒಂದು ವಾರ ಪುಸ್ತಕ ಓದಿದೆ, ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಕೊಡ ಹೊತ್ತು ಬರುವ ಹೆಂಗಸನ್ನು ಹಳ್ಳಿಯ ಕಡೆ ನೋಡಿದ್ದೀರಲ್ಲ? ಕಾಲು ಏರುತ್ತದೆ, ಇಳಿಯುತ್ತದೆ. ಮಂಡಿ, ಸೊಂಟ ಬಳಕುತ್ತವೆ. ತಲೆಯ ಮೇಲಿನ ಕೊಡ ಮಾತ್ರ ತುಳುಕುವುದಿಲ್ಲ. ಕಾರಿನಲ್ಲಿ ಚಕ್ರ ಅವಳ ಪಾದ, ನಾವು ಕೂರುವ ಪೆಟ್ಟಿಗೆಯೇ ಕೊಡ. ನಡುವೆ ಬಳಕುವ ಏರ್ಪಾಡಿಗೆ ಸಸ್ಪೆನ್ಷನ್ ಎಂದು ಹೆಸರು. ಅದು ಬೆನ್ನಿಗೆ ಸುಖ ಕೊಡಲು ಮಾತ್ರ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ: ನಾಲ್ಕೂ ಟೈರುಗಳನ್ನು ಸದಾ ನೆಲಕ್ಕೆ ಒತ್ತಿ ಹಿಡಿಯುವುದು. ಟೈರು ನೆಲ ಬಿಟ್ಟ ಕ್ಷಣ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ.

ಈ ಕೆಲಸ ಮಾಡುವವರು ಮುಖ್ಯವಾಗಿ ಇಬ್ಬರು. ಒಬ್ಬ ಸ್ಪ್ರಿಂಗು. ಎಳೆದಷ್ಟೂ, ಒತ್ತಿದಷ್ಟೂ ಅದೇ ಪ್ರಮಾಣದಲ್ಲಿ ತಿರುಗಿ ಬಲ ತೋರಿಸುವುದು ಅದರ ಗುಣ. ಇಂಗ್ಲೆಂಡಿನ ರಾಬರ್ಟ್ ಹುಕ್ ಈ ನಿಯಮವನ್ನು ಬೇರೆಯವರು ಕದಿಯದಿರಲೆಂದು 1676ರಲ್ಲಿ ಲ್ಯಾಟಿನ್ ಅಕ್ಷರಗಳನ್ನು ಕಲಸುಮೇಲೋಗರ ಮಾಡಿ ಪ್ರಕಟಿಸಿದ. ಅರ್ಥ ಬಿಡಿಸಿ ಹೇಳಿದ್ದು 1678ರಲ್ಲಿ. ಪಾಸ್‌ಬುಕ್ಕಿಗೆ ಬೀಗ ಹಾಕಿ ಬೀಗದ ಕೈ ತನ್ನ ಜೇಬಿನಲ್ಲಿಟ್ಟುಕೊಂಡ ಹಾಗೆ!

ಸ್ಪ್ರಿಂಗಿಗೆ ಒಂದು ದುರ್ಗುಣವೂ ಇದೆ. ಒಮ್ಮೆ ಕುಣಿಯಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಅದನ್ನು ಗದರಿಸಿ ಸುಮ್ಮನಾಗಿಸುವವನು ಎರಡನೆಯವನು, ಶಾಕ್ ಅಬ್ಸಾರ್ಬರ್. ನಮ್ಮ ಮೇಸ್ತ್ರಿಯ ಬಾಯಲ್ಲಿ ‘ಶಾಕಪ್’. ಮಕ್ಕಳೇ, ಇದನ್ನು ಮನೆಯಲ್ಲೇ ನೋಡಬಹುದು. ಒಂದು ಬೀಗವನ್ನು ರಬ್ಬರ್ ಬ್ಯಾಂಡಿಗೆ ನೇತುಹಾಕಿ, ಸ್ವಲ್ಪ ಕೆಳಗೆಳೆದು ಬಿಡಿ. ಬಹಳ ಹೊತ್ತು ಕುಣಿಯುತ್ತದೆ. ಈಗ ಬೀಗ ಬಕೆಟ್ ನೀರಿನಲ್ಲಿ ಮುಳುಗಿರುವಂತೆ ಹಿಡಿದು ಮತ್ತೆ ಎಳೆದು ಬಿಡಿ. ಬೇಗನೆ ಸುಮ್ಮನಾಗುತ್ತದೆ. ಶಾಕಪ್ಪಿನ ಕೊಳವೆಯೊಳಗೆ ನೀರಿನ ಬದಲು ಎಣ್ಣೆ ಇರುತ್ತದೆ. ಕೊಂತದಂತೆ ಒಂದು ಪಿಸ್ಟನ್ ಆ ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ಅತ್ತಿತ್ತ ನೂಕುತ್ತದೆ. ಕುಣಿತದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ.

ಮೊಮ್ಮಗನ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರಗಳ ಮೇಲೆ ವಾಲುತ್ತದೆ. ಕಾರು ಕುಳ್ಳಗಾದಷ್ಟೂ ಈ ವಾಲಾಟದ ಭಾರ ಕಡಿಮೆ. ಪುಟ್ಟ ಕಾರೂ ತಿರುವಿನಲ್ಲಿ ದೊಡ್ಡ ಕಾರುಗಳಿಗೆ ಸಡ್ಡು ಹೊಡೆಯಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಮಿನಿ ಕಾರೇ ಸಾಕ್ಷಿ. 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರಿಗೆ 10 ಇಂಚಿನ ಚಕ್ರ. ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ಇದಕ್ಕೆ ಸುರುಳಿ ಸ್ಪ್ರಿಂಗಿನ ಬದಲು ರಬ್ಬರಿನ ಶಂಕುಗಳನ್ನು ಕೊಟ್ಟಿದ್ದ. ಚಕ್ರಗಳು ಮಂಚದ ಕಾಲಿನ ಹಾಗೆ ನಾಲ್ಕು ಮೂಲೆಯಲ್ಲಿ ನಿಂತಿದ್ದವು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದದ್ದು ಇದೇ ಗಿಡ್ಡ ಕಾರು.

ಆದರೆ ನಮ್ಮ ಲೆಕ್ಕ ಬೇರೆ. ಆಲ್ಟೊದ ಹೊಟ್ಟೆ ನೆಲದಿಂದ 160 ಮಿಲಿಮೀಟರ್ ಮೇಲಿದೆ. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್ ಕಳೆಯಿರಿ, ಉಳಿದದ್ದು 122. ಐದು ಜನ, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ ಸೇರಿದರೆ ಇನ್ನೂ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥ ಉಬ್ಬನ್ನು ತಗ್ಗಿದ ಕಾರೂ ನಿಧಾನವಾಗಿ ದಾಟೀತು. ನಮ್ಮೂರುಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳು ಯಾವ ಅಳತೆಯ ಪುಸ್ತಕವನ್ನೂ ಓದಿದಂತೆ ಕಾಣುವುದಿಲ್ಲ.

ಇನ್ನು ಗಟ್ಟಿ ಸ್ಪ್ರಿಂಗು. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಅದು ಸರಿ. ಗುಂಡಿ ಬಿದ್ದ ತಿರುವಿನಲ್ಲಿ ಗಟ್ಟಿ ಸ್ಪ್ರಿಂಗಿನ ಚಕ್ರ ಗುಂಡಿಯನ್ನು ನುಂಗಿಕೊಳ್ಳುವ ಬದಲು ಪುಟಿಯುತ್ತದೆ, ಅಂದರೆ ಬೇಕಾದ ಹೊತ್ತಿಗೇ ನೆಲ ಬಿಡುತ್ತದೆ. ಇದಕ್ಕಿಂತ ಅಪಾಯದ ಪದ್ಧತಿಯೂ ಒಂದಿದೆ: ಇರುವ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸುವುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಟ್ಟಿಯಾಗುತ್ತದೆ. ಚಕ್ರ ದೊಡ್ಡ ಗುಂಡಿಗೆ ಇಳಿದಾಗ ಮೊಟಕಾದ ಸ್ಪ್ರಿಂಗು ತನ್ನ ಬಟ್ಟಲಿನಿಂದ ಜಾರಿಬಿಡಬಹುದು. ಹುಡುಗರ ಕೈಗೆ ಗರಗಸ ಸಿಗದಂತೆ ನೋಡಿಕೊಳ್ಳಿ ಎಂದು ಅಜ್ಜಂದಿರಿಗೆ ನನ್ನ ಮನವಿ.

ಕಾನೂನನ್ನೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕಿಸುವುದಕ್ಕೆ ಅಡ್ಡಿಯಿಲ್ಲ. ಅದನ್ನು ಮೀರಿ ಏನನ್ನೇ ಬದಲಿಸುವುದಿದ್ದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ವಿಚಾರಿಸುವುದು ಕ್ಷೇಮ.

ನಮ್ಮ ಮೇಸ್ತ್ರಿ ಇದಾವುದನ್ನೂ ಹೇಳಲಿಲ್ಲ. ಬಾನೆಟ್ಟಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಕಾರು ಮೇಲೆದ್ದಿತು, ಕೆಳಗಿಳಿಯಿತು, ಮತ್ತೆ ಎದ್ದಿತು, ಇಳಿಯಿತು. “ನೋಡಿ ರಾಯರೇ, ಒಂದ್ಸಲ ಎದ್ದು ನಿಂತ್ಕೊಬೇಕು. ಇದು ಸಲಾಂ ಹೊಡೀತಾ ಇದೆ” ಎಂದರು. ಮೊಮ್ಮಗನನ್ನು ಕಾರಿನಡಿಗೆ ಕರೆದು ಟಾರ್ಚ್ ಹಿಡಿದರು. ಮುಂದಿನ ಶಾಕಪ್ಪಿನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿತ್ತು. ಚಕ್ರವನ್ನು ಹಿಡಿದ ತೋಳಿನ ರಬ್ಬರ್ ಬುಶ್ ಬಿರುಕು ಬಿಟ್ಟು ಸಡಿಲವಾಗಿತ್ತು. ಕಟಕ್ ಎನ್ನುತ್ತಿದ್ದುದು ಅದೇ. ಟೈರಿನ ಮೇಲ್ಮೈ ಅಲ್ಲಲ್ಲಿ ಬಟ್ಟಲಿನಂತೆ ಸವೆದಿತ್ತು. ಚಕ್ರ ನೆಲದ ಮೇಲೆ ಉರುಳುವ ಬದಲು ಕುಪ್ಪಳಿಸುತ್ತಿತ್ತು ಎಂಬುದರ ಗುರುತು. ಸ್ಪ್ರಿಂಗುಗಳು ಮಾತ್ರ ಗಟ್ಟಿಮುಟ್ಟಾಗಿದ್ದವು.

ಹುಡುಗ ಮೆಲ್ಲಗೆ, “ಅಂದ್ರೆ ಸ್ಪ್ರಿಂಗ್ ತಪ್ಪಲ್ಲ?” ಎಂದ.

“ಸ್ಪ್ರಿಂಗ್ ಪಾಪ ಏನ್ ಮಾಡೀತು? ಹಿಡಿಯೋನೇ ಇಲ್ಲ” ಎಂದರು ಮೇಸ್ತ್ರಿ.

ನಾಲ್ಕೂ ಶಾಕಪ್ ಹೊಸದು ಹಾಕಿಸಿದೆವು. ಇವನ್ನು ಒಂದೇ ಬದಲಿಸಬಾರದು; ಎಡಬಲ ಜೋಡಿಯಾಗಿಯೇ ಆಗಬೇಕು, ಇಲ್ಲದಿದ್ದರೆ ಕುಂಟುವವನಿಗೆ ಒಂದೇ ಕಾಲಿಗೆ ಹೊಸ ಚಪ್ಪಲಿ ತೊಡಿಸಿದಂತೆ. ಬುಶ್‌ಗಳು, ಅದೇ ಅಳತೆಯ ನಾಲ್ಕು ಟೈರು, ಕೊನೆಗೆ ವೀಲ್ ಅಲೈನ್‌ಮೆಂಟ್. ಒಟ್ಟು 24,000 ರೂಪಾಯಿಯ ಮೇಲೆ ಚಿಲ್ಲರೆ. ಟೈರಿನ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಹಿಡಿಸಬೇಕು. ಗಾಳಿ ನೋಡುವ ಕೆಲಸ ಈಗ ಮೊಮ್ಮಗನದು. ಪ್ರತಿ ಹದಿನೈದು ದಿನಕ್ಕೆ ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾನೆ.

ಮುಂದಿನ ಸಲ ಘಟ್ಟ ಇಳಿಯುವಾಗ ಕಾರು ತಿರುವಿನಲ್ಲಿ ವಾಲಿತು, ನಿಜ. ಆದರೆ ಒಮ್ಮೆ ವಾಲಿ ಹಾಗೇ ನಿಂತು, ತಿರುವು ಮುಗಿದೊಡನೆ ನೆಟ್ಟಗಾಯಿತು. ಹಳೆಯ ತೊಯ್ದಾಟ ಇರಲಿಲ್ಲ. ಯಾವಾಗಲೂ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿರುತ್ತಿದ್ದ ನನ್ನಾಕೆ ಎಂಟನೇ ತಿರುವಿನ ಹೊತ್ತಿಗೆ ಕಿತ್ತಳೆ ಸುಲಿಯುತ್ತಿದ್ದಳು.

ಮೊಮ್ಮಗನ ಪಟ್ಟಿಯಲ್ಲಿ ಈಗ ಹೊಸ ಬೇಡಿಕೆ ಇದೆ: 14 ಇಂಚಿನ ಅಲಾಯ್ ಚಕ್ರ. ಲೆಕ್ಕ ಇಷ್ಟ ಇರುವ ಮಕ್ಕಳು ನನ್ನ ಜೊತೆ ಕೂಡಿ ನೋಡಿ. ನಮ್ಮ ಟೈರಿನ ಮೇಲೆ 145/80 ಆರ್ 12 ಎಂದಿದೆ. ಅಗಲ 145 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇ. 80 ಅಂದರೆ 116, ಒಳಗಿನ ಚಕ್ರ 12 ಇಂಚು. ಒಟ್ಟು ವ್ಯಾಸ ಸುಮಾರು 537 ಮಿಲಿಮೀಟರ್. ಅವನು ಕೇಳುತ್ತಿರುವ 155/65 ಆರ್ 14 ಟೈರಿನ ವ್ಯಾಸ ಸುಮಾರು 557. ಸುತ್ತು ದೊಡ್ಡದಾದ್ದರಿಂದ, ಸ್ಪೀಡ್ ಮೀಟರ್ ಇಲ್ಲಿಯವರೆಗೆ ಸರಿಯಾಗಿದ್ದರೆ, ಅದು 60 ತೋರಿಸುವಾಗ ಕಾರು ಓಡುವುದು 62ಕ್ಕೂ ಮೇಲೆ. ಗುಂಡಿಯ ಏಟು ತಿನ್ನುವ ಪಕ್ಕದ ಗೋಡೆಯೂ 116ರಿಂದ ಸುಮಾರು 101ಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಅವನಿಗೇ ಬಿಡಿಸಲು ಕೊಟ್ಟು, ಅರ್ಜಿಯ ಮೇಲೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದಿಟ್ಟಿದ್ದೇನೆ.